ಕಟಕಟೆಗಿಂತ ಮೊದಲಿನ ವಕೀಲಿಕೆ

ನಿಮ್ಮ ಮನೆಯಲ್ಲಿ ಯಾರಾದರೂ ಕಾರ್ಖಾನೆಯಲ್ಲೋ ಕಂಪನಿಯಲ್ಲೋ ದುಡಿಯುತ್ತಿದ್ದರೆ ಅವರ ಸಂಬಳದ ಚೀಟಿಯನ್ನು ಒಮ್ಮೆ ಕೇಳಿ ನೋಡಿ. ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ವಿಶೇಷ ಭತ್ಯೆ ಎಂದು ಹಲವು ಸಾಲುಗಳಿರುತ್ತವೆ. ಕೊಡುವ ಹಣ ಒಂದೇ ಆದಮೇಲೆ ಇಷ್ಟು ಸಾಲುಗಳೇಕೆ? ಕಂಪನಿಗಳಿಗೆ ಸಲಹೆ ನೀಡುವ ಕಾರ್ಮಿಕ ಕಾನೂನಿನ ವಕೀಲರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು.

ವಕೀಲರೆಂದರೆ ಕಪ್ಪು ಕೋಟು, ಕಟಕಟೆ, ವಾದ ಎಂದು ನಾವು ಭಾವಿಸುತ್ತೇವೆ. ಇವರ ಹೊತ್ತು ಕಳೆಯುವುದು ಹೆಚ್ಚಾಗಿ ಹಾಜರಿ ಪುಸ್ತಕ, ವೇತನ ಪಟ್ಟಿ, ಗುತ್ತಿಗೆ ಕರಾರುಗಳ ನಡುವೆ. 1947ರ ಕೈಗಾರಿಕಾ ವಿವಾದ ಕಾಯಿದೆಯಂತೂ ಸಂಧಾನಾಧಿಕಾರಿಯ ಮುಂದೆ ಯಾವ ಪಕ್ಷದ ಪರವಾಗಿಯೂ ವಕೀಲರು ನಿಲ್ಲುವಂತಿಲ್ಲ ಎಂದಿತ್ತು. ಹೀಗಾಗಿ ವ್ಯಾಜ್ಯ ಹುಟ್ಟದಂತೆ ನೋಡಿಕೊಳ್ಳುವುದೇ ಇವರ ಮುಖ್ಯ ಕಸುಬು.

ಈಗ ಚೀಟಿಗೆ ಬರೋಣ. ಭವಿಷ್ಯ ನಿಧಿ, ಗ್ರಾಚ್ಯುಟಿಗಳ ಲೆಕ್ಕಕ್ಕೆ ಆಧಾರ ಮೂಲ ವೇತನ ಮತ್ತು ತುಟ್ಟಿಭತ್ಯೆ. ಅವನ್ನು ಕಡಿಮೆ ತೋರಿಸಿ ಉಳಿದದ್ದನ್ನು ಬೇರೆ ಭತ್ಯೆಗಳೆಂದು ಬರೆದರೆ ಕಂಪನಿಗೆ ಉಳಿತಾಯ, ನೌಕರರಿಗೆ ನಷ್ಟ. 2019ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ವಿವೇಕಾನಂದ ವಿದ್ಯಾಮಂದಿರದ ಪ್ರಕರಣದಲ್ಲಿ ಇದನ್ನು ಪರಿಶೀಲಿಸಿತು. ಎಲ್ಲರಿಗೂ ಸಾಮಾನ್ಯವಾಗಿ ಕೊಡುವ ವಿಶೇಷ ಭತ್ಯೆಯನ್ನು ಭವಿಷ್ಯ ನಿಧಿಯ ಲೆಕ್ಕದಿಂದ ಹೊರಗಿಡುವಂತಿಲ್ಲ ಎಂದು ತೀರ್ಪಿತ್ತಿತು.

29 ಕಾಯಿದೆಗಳನ್ನು ಒಟ್ಟುಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಅವುಗಳ ಪ್ರಕಾರ ವೇತನದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನವೇ.

ಒಂದು ಲೆಕ್ಕ ಮಾಡಿ ನೋಡೋಣ. ಹೊಸದಾಗಿ ಕೆಲಸಕ್ಕೆ ಸೇರಿದವರೊಬ್ಬರು 10 ವರ್ಷ ದುಡಿದು ಬಿಡುತ್ತಾರೆ ಎಂದುಕೊಳ್ಳಿ. ಕೊನೆಯ ತಿಂಗಳ ಸಂಬಳ 20,000 ರೂಪಾಯಿ. ಅದರಲ್ಲಿ ಮೂಲ ವೇತನ 8,000, ಮನೆ ಬಾಡಿಗೆ ಮತ್ತು ಪ್ರಯಾಣ ಭತ್ಯೆ 12,000. ಗ್ರಾಚ್ಯುಟಿ ಎಂದರೆ ವರ್ಷಕ್ಕೆ 15 ದಿನಗಳ ವೇತನ; ತಿಂಗಳಿಗೆ 26 ದಿನ ಎಂದು ಲೆಕ್ಕ. 8,000ಕ್ಕೆ ಲೆಕ್ಕ ಹಾಕಿದರೆ ಸಿಗುವುದು 46,154 ರೂಪಾಯಿ. ಅರ್ಧದ ನಿಯಮದಂತೆ 10,000ಕ್ಕೆ ಹಾಕಿದರೆ 57,692 ರೂಪಾಯಿ. ವ್ಯತ್ಯಾಸ 11,538! ನೂರು ನೌಕರರಿದ್ದರೆ ಎಷ್ಟೆಂದು ನೀವೇ ಗುಣಿಸಿ.

ವಕೀಲರ ಪರೀಕ್ಷೆ ಇರುವುದು ಇಲ್ಲಿಯೇ. ಶುಲ್ಕ ಕೊಡುವವರು ಮಾಲೀಕರು. ಅವರಿಗೆ ಹಿತವೆನಿಸುವ ಉತ್ತರ ಹೇಳುವುದು ಸುಲಭ. ಆದರೆ ಇಂದು ಉಳಿಸಿದ ಹಣ ನಾಳೆ ಬಾಕಿಯಾಗಿ, ಅದರ ಮೇಲೆ ಬಡ್ಡಿ ಮತ್ತು ದಂಡವಾಗಿ ತಿರುಗಿ ಬಂದೀತು. "ಇದು ಸಲ್ಲದು, ತಿದ್ದಿಕೊಳ್ಳಿ" ಎಂದು ಮುಖಕ್ಕೆ ಹೇಳುವವರೇ ಕಂಪನಿಗೂ ನಿಜವಾದ ಹಿತೈಷಿಗಳು. ಅವರ ಆ ಒಂದು ಮಾತು, ಅವರ ಹೆಸರನ್ನೇ ಕೇಳದ ಎಷ್ಟೋ ಮನೆಗಳ ಮುಪ್ಪಿನ ಆಸರೆಯನ್ನು ಕಾಯುತ್ತದೆ.

ನಾಳೆ ನೀವೂ ಕೆಲಸಕ್ಕೆ ಸೇರುವಿರಿ. ಹೊಸ ಸಂಹಿತೆಯಂತೆ ನೇಮಕಾತಿ ಪತ್ರ ನಿಮ್ಮ ಹಕ್ಕು. ಅದನ್ನು ಕೇಳಿ ಪಡೆಯಿರಿ. ಸಹಿ ಹಾಕುವ ಮೊದಲು ಸಾಲು ಸಾಲಾಗಿ ಓದಿರಿ.