ಆಸ್ಪತ್ರೆ ಹೇಗಿತ್ತು ಎಂದು ಆಕೆಯನ್ನೇ ಕೇಳಿ

ಸಿಂಗಟಗೆರೆಯಲ್ಲಿ ನನಗೆ ಪರಿಚಯವಿರುವ ಸಹೋದರಿಯೊಬ್ಬರು ಮಾನಸಿಕ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದು ಮನೆಗೆ ಮರಳಿದ್ದರು. ನೋಡಲು ಬಂದವರೆಲ್ಲ "ಈಗ ಪರವಾಗಿಲ್ವಾ? ನಿದ್ದೆ ಮಾಡ್ತಾಳಾ?" ಎಂದು ಅವರ ತಾಯಿಯನ್ನೇ ವಿಚಾರಿಸುತ್ತಿದ್ದರು. ಆಕೆ ಅಲ್ಲೇ ಗೋಡೆಗೆ ಒರಗಿ ಕುಳಿತಿದ್ದರು. ಜನ ಹೋದ ಮೇಲೆ ನಾನು, "ಅಲ್ಲಿ ನಿನ್ನನ್ನು ಹೇಗೆ ನೋಡಿಕೊಂಡರಮ್ಮಾ?" ಎಂದೆ.

"ಇದನ್ನು ಯಾರೂ ಕೇಳಲೇ ಇಲ್ಲ ಆಪಾ" ಎಂದರು.

ಮಾತ್ರೆಯಿಂದ ಗುಣ ಕಂಡಿದೆ, ಅದರಲ್ಲಿ ಅವರಿಗೆ ಸಂಶಯವಿಲ್ಲ. ನೋವು ಬೇರೆ. ಡಾಕ್ಟರು ಎಲ್ಲವನ್ನೂ ಅಣ್ಣನಿಗೆ ವಿವರಿಸಿದರು, ಆಕೆಗೆ ಏನೂ ಹೇಳಲಿಲ್ಲ. ಸ್ನಾನದ ಮನೆಗೆ ಚಿಲಕವಿರಲಿಲ್ಲ. ದುಪಟ್ಟಾ ತೆಗೆದಿಟ್ಟರು. (ರೋಗಿ ಜೀವಕ್ಕೆ ಅಪಾಯ ಮಾಡಿಕೊಳ್ಳದಿರಲೆಂದು ಹೀಗೆ ಮಾಡಿರಬಹುದು. ಆದರೆ ಕಾರಣವನ್ನು ಒಂದು ಮಾತಿನಲ್ಲಿ ತಿಳಿಸಲು ಎಷ್ಟು ಹೊತ್ತು ಬೇಕು?) ಫಜರ್‌ಗೆ ಎಬ್ಬಿಸಿ, ತಲೆ ಬಾಚಿಕೊಡುತ್ತಿದ್ದ ಆಯಾ ಒಬ್ಬರ ಹೆಸರನ್ನು ಮಾತ್ರ ನಾಲ್ಕು ಸಲ ಹೇಳಿದರು. ರೋಗಿ ಆಸ್ಪತ್ರೆಯನ್ನು ಅಳೆಯುವುದು ಹೀಗೆ. ಅವಮಾನವಾಯಿತೆಂದು ಅನ್ನಿಸಿದರೆ ಮತ್ತೆ ಆ ಕಡೆ ಹೋಗುವುದಿಲ್ಲ, ಮಾತ್ರೆ ಬಿಡುತ್ತಾರೆ, ಕಾಯಿಲೆ ಮರುಕಳಿಸುತ್ತದೆ.

'ತಲೆ ಸರಿಯಿಲ್ಲದವಳ ಮಾತಿಗೆ ಬೆಲೆ ಏನು' ಎನ್ನುವವರು ನಮ್ಮಲ್ಲೂ ಇದ್ದಾರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸಮೀಪದ ಖಾಸಗಿ ಆಶ್ರಯಮನೆಯೊಂದಕ್ಕೆ ಬೆಂಕಿ ಬಿತ್ತು. ರೋಗಿಗಳನ್ನು ಸರಪಳಿಯಿಂದ ಬಿಗಿಯಲಾಗಿತ್ತು. ಓಡಲಾಗದೆ 28 ಮಂದಿ ಸತ್ತರು. ಅವರನ್ನು ಅಲ್ಲಿ ಬಿಟ್ಟುಬಂದಿದ್ದ ಮನೆಯವರಲ್ಲಿ ಎಷ್ಟು ಮಂದಿ 'ಇಲ್ಲಿ ನಿನಗೆ ಹೇಗಿದೆ' ಎಂದು ಕೇಳಿದ್ದರೋ!

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಸಂಪೂರ್ಣ ನಿಷೇಧಿಸಿದೆ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಸ್ವಂತ ಬಟ್ಟೆ ಬೇಕೆಂದರೆ ಆಸ್ಪತ್ರೆಯ ಸಮವಸ್ತ್ರ ಹೇರುವಂತಿಲ್ಲ. ಖಾಸಗಿತನ ಕೊಡಬೇಕು, ಚಿಕಿತ್ಸೆಯ ಮಾಹಿತಿಯನ್ನು ರೋಗಿಗೇ ತಿಳಿಸಬೇಕು. ತನ್ನ ಪರವಾಗಿ ನಿಲ್ಲುವವರನ್ನು ಆಕೆಯೇ ಹೆಸರಿಸಬಹುದು. ಸೇವೆಯಲ್ಲಿ ಲೋಪವಾದರೆ ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ, ನಂತರ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರಬಹುದು. ಸೇರಿಸುವ ಮೊದಲೇ ಸ್ನಾನದ ಮನೆ ನೋಡಿ. ಜೊತೆಗೆ ಯಾರಾದರೂ ಉಳಿಯಬಹುದೇ ಎಂದು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೆಯವರು ರೋಗಿಯ ಜೊತೆಗೇ ಇರುವ ವಾರ್ಡುಗಳಿವೆ. ಯಾರನ್ನು ಕೇಳಬೇಕೆಂದೇ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಇದು. ಹಗಲು ರಾತ್ರಿ ಉಚಿತ.

ರೋಗಿಯನ್ನು ಸಂದರ್ಶಿಸುವುದು ಆ ರೋಗಿಗೆ ನಮ್ಮ ಮೇಲಿರುವ ಹಕ್ಕು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಾವು ಅಂದು ಸಂದರ್ಶಿಸಿದ್ದು ಆಕೆಯ ತಾಯಿಯನ್ನು.

ಮುಂದಿನ ತಿಂಗಳು ಆಕೆ ಮತ್ತೆ ಡಾಕ್ಟರ ಬಳಿ ಹೋಗಬೇಕು. ಕೇಳಬೇಕಾದುದನ್ನು ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದಿಟ್ಟಿದ್ದಾರೆ. ಮೊದಲ ಸಾಲು, 'ಈ ಮಾತ್ರೆ ಎಷ್ಟು ದಿನ?'