ಬಾಡಿಗೆ ಅಗ್ಗ, ಏರಿಯಾ ಹೇಗೆ?

ಮಾಗಡಿ ಕಡೆಯಿಂದ ಬಂದ ಬಸ್ಸು ಸುಂಕದಕಟ್ಟೆಯಲ್ಲಿ ನಿಂತಾಗ ಬೆಳಿಗ್ಗೆ ಹತ್ತೂವರೆ. ಕಂಕುಳಲ್ಲಿ ಚೀಲ, ಅಂಗಿ ಜೇಬಿನಲ್ಲಿ ಮಡಿಸಿಟ್ಟ ಚೀಟಿ. ಕುಣಿಗಲ್ ಸೀಮೆಯ ರೈತರೊಬ್ಬರು ಮಗಳೊಂದಿಗೆ ಇಳಿದರು. ಮಗಳಿಗೆ ನಾಗರಬಾವಿ ಕಡೆಯ ಕಾಲೇಜೊಂದರಲ್ಲಿ ಪದವಿಗೆ ಸೀಟು ಸಿಕ್ಕಿತ್ತು, ಹಾಸ್ಟೆಲ್ ಸಿಕ್ಕಿರಲಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಮಗ ಸ್ನೇಹಿತರ ಜೊತೆ ರೂಮಿನಲ್ಲಿದ್ದ. ಅಣ್ಣ ತಂಗಿ ಇಬ್ಬರಿಗೂ ಸೇರಿ ಒಂದು ಪುಟ್ಟ ಮನೆ ಮಾಡಿಕೊಟ್ಟರೆ ಹೇಗೆ ಎಂಬುದು ಅಪ್ಪನ ಯೋಚನೆ. ಚೀಟಿಯಲ್ಲಿದ್ದ ವಿಳಾಸ ಶ್ರೀಗಂಧದ ಕಾವಲ್‌ನದು.

ಮನೆಯೇನೋ ಚೆನ್ನಾಗಿಯೇ ಇತ್ತು. ಮೊದಲ ಮಹಡಿ, ಒಂದು ಹಾಲ್, ಒಂದು ರೂಮು, ಅಡುಗೆಮನೆ. ಬಾಡಿಗೆ ವಿಜಯನಗರದಲ್ಲಿ ಕೇಳಿದ್ದಕ್ಕಿಂತ ಎಷ್ಟೋ ಕಡಿಮೆ. ಆದರೆ ಬರುವ ದಾರಿಯಲ್ಲಿ ಬಾಗಿಲು ಹಾಕಿದ ಎರಡು ವರ್ಕ್‌ಷಾಪು, ಮುಳ್ಳುಗಿಡ ಬೆಳೆದ ಖಾಲಿ ಸೈಟು, ಅದರೊಳಗೆ ಕಸದ ರಾಶಿ ಕಂಡಿದ್ದವು. ‘ಏರಿಯಾ ಹ್ಯಾಗಪ್ಪ?’ ಎಂದು ಅವರು ದಲ್ಲಾಳಿಯನ್ನು ಕೇಳಿದರು. ‘ಏನೂ ತೊಂದ್ರೆ ಇಲ್ಲ ಯಜಮಾನ್ರೆ, ಎಲ್ಲಾ ಫ್ಯಾಮಿಲಿಗಳೇ ಇರೋದು’ ಎಂದು ಉತ್ತರ ಬಂತು. ಅಷ್ಟರಲ್ಲಿ ವಿಜಯನಗರದಲ್ಲಿರುವ ಭಾಮೈದನ ಫೋನು. ‘ಆ ಕಡೆ ಬ್ಯಾಡ ಭಾವ. ಹೆಣ್ಣುಹುಡುಗಿ. ನಾಲ್ಕು ಸಾವಿರ ಜಾಸ್ತಿ ಆದ್ರೂ ಈ ಕಡೇನೇ ನೋಡಿ.’

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಮಾತು. ಮಕ್ಕಳನ್ನು ಓದಲು ಬೆಂಗಳೂರಿಗೆ ಕಳಿಸುವವರು ಅದಕ್ಕೆ ಬಾಡಿಗೆ ಮನೆ ಹುಡುಕಿ ನೋಡು ಎಂಬುದನ್ನೂ ಸೇರಿಸಬಹುದು. ಈ ಅಪ್ಪ ಮಗಳು ಯಾರೋ ಒಬ್ಬರಲ್ಲ. ಕಾಲೇಜು ತೆರೆಯುವ ಹೊತ್ತಿಗೆ ನಗರದ ಪಶ್ಚಿಮದ ಬಸ್ ನಿಲ್ದಾಣಗಳಲ್ಲಿ ಇಳಿಯುವ ಅನೇಕ ಕುಟುಂಬಗಳ ಪಾಡು ಇದೇ. ಒಂದು ಕಡೆ ಕೈಗೆಟುಕುವ ಬಾಡಿಗೆ, ಇನ್ನೊಂದು ಕಡೆ ‘ಆ ಏರಿಯಾ ಸರಿಯಿಲ್ಲ’ ಎಂಬ ಮಾತು. ಯಾವುದನ್ನು ನಂಬಬೇಕು?

ಕಾವಲಿನಿಂದ ಬಡಾವಣೆಗೆ

ಕಾವಲು ಎಂದರೆ ದನಕರು ಮೇಯಲೆಂದು ಕಾಯ್ದಿಟ್ಟ ಭೂಮಿ. ಹಳೆ ಮೈಸೂರು ಸೀಮೆಯಲ್ಲಿ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಇಂಥ ಕಾವಲುಗಳು ಹಲವು. ಶ್ರೀಗಂಧದ ಕಾವಲ್ ಎಂಬ ಹೆಸರಿನಲ್ಲೂ ಆ ಕಾಲದ ನೆನಪು ಉಳಿದಿದೆ. ಈಗ ಅಲ್ಲಿರುವುದು ಮೇಯುವ ದನವೂ ಅಲ್ಲ, ಗಂಧದ ಮರವೂ ಅಲ್ಲ, ಒತ್ತೊತ್ತಾಗಿ ಎದ್ದ ಮನೆಗಳು.

ಇದಕ್ಕೆ ಕಾರಣ ಸುತ್ತಲಿನ ಕೈಗಾರಿಕೆ. 1949ರಲ್ಲಿ ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ಹುಟ್ಟಿತು. 1970ರ ದಶಕದಲ್ಲಿ ಪೀಣ್ಯ ಬೆಳೆಯಿತು. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಗಳಲ್ಲಿ ಲೇತ್ ಅಂಗಡಿ, ಸಣ್ಣ ಕಾರ್ಖಾನೆ, ಗಾರ್ಮೆಂಟ್ಸ್‌ಗಳು ಬಂದವು. ಅಲ್ಲಿ ದುಡಿಯುವವರಿಗೆ ಬೇಕಾದ ಕಡಿಮೆ ಬಾಡಿಗೆಯ ಮನೆಗಳು ಮಾಗಡಿ ರಸ್ತೆಯ ಆಚೀಚೆ ಎದ್ದವು. ಇನ್ನೊಂದು ದಿಕ್ಕಿನಿಂದ ವಿದ್ಯಾರ್ಥಿಗಳು ಬಂದರು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ, ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ, ಮಲ್ಲತ್ತಹಳ್ಳಿಯ ಡಾ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯ ಎಲ್ಲವೂ ಈ ಭಾಗದಲ್ಲೇ ಇವೆ. ಹೀಗಾಗಿ ಪಾಳಿ ಮುಗಿಸಿ ಬರುವ ಕಾರ್ಮಿಕ, ಪರೀಕ್ಷೆಗೆ ಓದುವ ಹುಡುಗ ಇಬ್ಬರೂ ಇಲ್ಲಿ ಒಂದೇ ಗೋಡೆಯ ಆಚೀಚೆ ಇರುತ್ತಾರೆ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ರಚನೆಯಾದಾಗ ಅಂಚಿನ ಊರುಗಳು ನಗರದ ಲೆಕ್ಕಕ್ಕೆ ಬಂದವು. ಮನೆಗಳು ಮೊದಲು ಬಂದಿದ್ದವು. ಒಳಚರಂಡಿ, ಕಾವೇರಿ ನೀರು, ಡಾಂಬರು ಆಮೇಲೆ ಒಂದೊಂದಾಗಿ ಬರಬೇಕಾಯಿತು. ಅಂಚಿನ ಬಡಾವಣೆಗಳಲ್ಲಿ ಬಾಡಿಗೆ ಇಳಿದಿರುವುದಕ್ಕೆ ಇದೂ ಒಂದು ಕಾರಣ.

ಹೊಸಬರಿಗೆ ಒಂದು ಎಚ್ಚರಿಕೆ: ಹೆಗ್ಗನಹಳ್ಳಿ ಬಳಿಯ ಶ್ರೀಗಂಧನಗರ ಬೇರೆ, ಈ ಶ್ರೀಗಂಧದ ಕಾವಲ್ ಬೇರೆ. ಆಟೋ ಹತ್ತುವ ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಬಡತನ ಬೇರೆ, ಪಾಳು ಬೇರೆ

ನೆಂಟರು ‘ಏರಿಯಾ ಸರಿಯಿಲ್ಲ’ ಎನ್ನುವಾಗ ಎರಡು ಸಂಗತಿಗಳು ಕಲಸಿಹೋಗಿರುತ್ತವೆ. ಒಂದು, ಅಲ್ಲಿನ ಜನ ದುಡಿದು ತಿನ್ನುವವರು, ಮನೆಗಳಿಗೆ ಬಣ್ಣವಿಲ್ಲ ಎಂಬುದು. ಇನ್ನೊಂದು, ಆ ಬೀದಿಯನ್ನು ನೋಡಿಕೊಳ್ಳುವವರೇ ಇಲ್ಲ ಎಂಬುದು. ಮೊದಲನೆಯದರಿಂದ ಓದುವ ಮಗುವಿಗೆ ಅಪಾಯವಿಲ್ಲ. ವಿಚಾರಿಸಬೇಕಾದದ್ದು ಎರಡನೆಯದನ್ನು.

1961ರಲ್ಲಿ ಅಮೆರಿಕದ ಜೇನ್ ಜೇಕಬ್ಸ್ ಎಂಬ ಲೇಖಕಿ ನಗರಗಳ ಬಗ್ಗೆ ಬರೆದ ಪುಸ್ತಕದಲ್ಲಿ ಬೀದಿಯನ್ನು ಕಾಯುವುದು ಮುಖ್ಯವಾಗಿ ಪೊಲೀಸರಲ್ಲ, ಬೀದಿಯ ಮೇಲೆ ಕಣ್ಣಿಟ್ಟಿರುವ ಜನ ಎಂದು ವಾದಿಸಿದರು. ನಮ್ಮಲ್ಲಿ ಇದು ಹೊಸ ಮಾತಲ್ಲ. ಜಗುಲಿಯ ಮೇಲೆ ಕೂತ ಅಜ್ಜಿ, ರಾತ್ರಿ ಹತ್ತರವರೆಗೆ ತೆರೆದಿರುವ ಪ್ರಾವಿಷನ್ ಸ್ಟೋರ್, ಇಸ್ತ್ರಿ ಗಾಡಿಯವರು ಮಾಡುವ ಕೆಲಸ ಅದೇ. ಎತ್ತರದ ಕಾಂಪೌಂಡುಗಳ ನಡುವಿನ ನಿಶ್ಶಬ್ದ ರಸ್ತೆಗಿಂತ ಗಲಾಟೆಯ ಇಕ್ಕಟ್ಟು ಬೀದಿ ಒಂಟಿಯಾಗಿ ನಡೆದು ಬರುವ ಹುಡುಗಿಗೆ ಎಷ್ಟೋ ಸಲ ಹೆಚ್ಚು ಧೈರ್ಯ ಕೊಡುತ್ತದೆ. 1982ರಲ್ಲಿ ಅದೇ ದೇಶದ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲಿಂಗ್ ಒಡೆದ ಕಿಟಕಿಯ ಉದಾಹರಣೆ ಕೊಟ್ಟರು: ಒಂದು ಗಾಜು ಒಡೆದು ಹಾಗೇ ಉಳಿದರೆ ಇಲ್ಲಿ ಕೇಳುವವರಿಲ್ಲ ಎಂಬ ಸುದ್ದಿ ಹರಡಿ, ಉಳಿದ ಗಾಜುಗಳೂ ಒಡೆಯುತ್ತವೆ ಎಂದು. ಬಡತನವೇ ಅಪರಾಧವೆಂಬಂತೆ ಪೊಲೀಸರು ಇದನ್ನು ಬಳಸಿದರೆಂಬ ಟೀಕೆಯೂ ಅಲ್ಲಿ ಬಂತು. ಮನೆ ಹುಡುಕುವವರು ಇದರಿಂದ ತೆಗೆದುಕೊಳ್ಳಬೇಕಾದದ್ದು ಇಷ್ಟೇ: ಬೀದಿ ದೀಪ ಕೆಟ್ಟಿರುವುದು ದೊಡ್ಡದಲ್ಲ, ಕೆಟ್ಟು ಎಷ್ಟು ದಿನವಾಯಿತು ಎಂಬುದು ದೊಡ್ಡದು. ಅದನ್ನು ಅಂಗಡಿಯವರನ್ನು ಕೇಳಿದರೆ ಗೊತ್ತಾಗುತ್ತದೆ.

ನಾಲ್ಕು ಹೊತ್ತು ನೋಡಿ

ದಲ್ಲಾಳಿಗಳು ಮನೆ ತೋರಿಸುವುದು ಹೆಚ್ಚಾಗಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಎಲ್ಲ ಬೀದಿಯೂ ಚೆನ್ನಾಗಿ ಕಾಣುವ ವೇಳೆ ಅದು. ಆದರೆ ಮಕ್ಕಳು ಅಲ್ಲಿ ಬಾಳುವುದು ಬೇರೆ ಹೊತ್ತುಗಳಲ್ಲಿ. ಬೆಳಿಗ್ಗೆ ಆರಕ್ಕೆ ಹೋದರೆ ನೀರಿನ ಸಂಗತಿ ತಿಳಿಯುತ್ತದೆ. ಬಿಂದಿಗೆ ಹಿಡಿದ ಸಾಲು, ಟ್ಯಾಂಕರ್ ಇದ್ದರೆ ಕಣ್ಣಿಗೇ ಬೀಳುತ್ತದೆ. ಎಂಟೂವರೆಗೆ ಬಸ್ ನಿಲ್ದಾಣದಲ್ಲಿ ನಿಂತರೆ ಎಷ್ಟು ಬಸ್ಸು ನಿಲ್ಲದೆ ಹೋಗುತ್ತವೆ ಎಂದು ಗೊತ್ತಾಗುತ್ತದೆ. ರಾತ್ರಿ ಎಂಟಕ್ಕೆ ನಿಲ್ದಾಣದಿಂದ ಮನೆ ಬಾಗಿಲವರೆಗೆ ನಡೆದರೆ ಕತ್ತಲು, ಬೀದಿನಾಯಿ, ಮದ್ಯದಂಗಡಿ ಮೂರೂ ಲೆಕ್ಕಕ್ಕೆ ಸಿಗುತ್ತವೆ. ನಾಲ್ಕನೆಯದು ಮಳೆ ಬಂದ ದಿನ. ನೆಲಮಹಡಿಯ ಮನೆಯಾದರೆ ಗೋಡೆಯ ಬುಡದಲ್ಲಿ ಹಳೆ ನೀರಿನ ಗುರುತು ಇದೆಯೇ, ರಾಜಕಾಲುವೆ ಎಷ್ಟು ದೂರ ಎಂದು ನೋಡಲೇಬೇಕು.

ನೀರಿನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2024ರ ಬೇಸಿಗೆಯಲ್ಲಿ ನಗರದ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿಹೋದವು. ಟ್ಯಾಂಕರ್ ದರ ಕೈಮೀರಿದಾಗ ಜಿಲ್ಲಾಡಳಿತವೇ ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ ಎಂದು ನಿಗದಿ ಮಾಡಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ. ಆದರೆ ಬಡಾವಣೆಗೆ ಕೊಳವೆ ಬಂದಿದೆ ಎಂದರೆ ಆ ಮನೆಗೆ ಸಂಪರ್ಕವಿದೆ ಎಂದಲ್ಲ. ಮನೆಯ ನೀರಿನ ಬಿಲ್ ತೋರಿಸಿ ಎಂದು ಮಾಲೀಕರನ್ನು ಕೇಳುವುದರಲ್ಲಿ ಸಂಕೋಚ ಬೇಡ. ವಿದ್ಯುತ್ ಮೀಟರ್ ಪ್ರತ್ಯೇಕವೇ ಎಂದೂ ಕೇಳಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಮೂರು ಮನೆಗೆ ಒಂದೇ ಮೀಟರ್ ಇದ್ದರೆ ಆ ಲಾಭ ಪಡೆಯುವುದು ಕಷ್ಟ.

ಉಳಿಯುವುದು ನಿಜವಾಗಿ ಎಷ್ಟು?

ಅಗ್ಗ ಎಂಬುದು ಬಾಡಿಗೆಯೊಂದರಲ್ಲೇ ತೀರ್ಮಾನವಾಗುವುದಿಲ್ಲ. ಉದಾಹರಣೆಗೆ, ವಿಜಯನಗರದಲ್ಲಿ 12,000, ಇಲ್ಲಿ 8,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೇಲ್ನೋಟಕ್ಕೆ ಉಳಿತಾಯ 4,000. ಬೆಂಗಳೂರಿನ ಹಳೆ ಪದ್ಧತಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಅಲ್ಲಿ 1,20,000, ಇಲ್ಲಿ 80,000. ಆ ಹೆಚ್ಚಿನ 40,000ವನ್ನು ಊರಿನಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತರಬೇಕಾದರೆ ತಿಂಗಳಿಗೆ 800. ಅಲ್ಲಿಗೆ ಉಳಿತಾಯ 4,800 ಆಯಿತು.

ಈಗ ಕಳೆಯುವ ಲೆಕ್ಕ. ಕುಡಿಯುವ ನೀರಿನ ಕ್ಯಾನ್ 300, ಬೇಸಿಗೆಯ ಟ್ಯಾಂಕರ್ ಪಾಲು 500, ಹೊತ್ತಾದ ದಿನಗಳ ಆಟೋ 1,000 ಎಂದು ಹಿಡಿದರೆ 1,800 ಹೋಯಿತು. ಕೈಯಲ್ಲಿ ಉಳಿದದ್ದು 3,000. ಮೂರು ವರ್ಷದ ಪದವಿಗೆ 1,08,000 ರೂಪಾಯಿ. ರೈತ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಪ್ರತಿ ಮನೆಯೂ ತನ್ನ ಅಂಕಿಗಳನ್ನಿಟ್ಟು ಹೀಗೆ ಬರೆದು ನೋಡಬೇಕು.

ಹಣದ ಜೊತೆಗೆ ಹೊತ್ತಿನ ಲೆಕ್ಕವೂ ಬೇಕು. ಜ್ಞಾನಭಾರತಿ, ನಾಗರಬಾವಿಯಲ್ಲಿ ಓದುವವರಿಗೆ ಶ್ರೀಗಂಧದ ಕಾವಲ್ ಹತ್ತಿರ. ಜಯನಗರದ ಕಾಲೇಜಿಗೆ ಹೋಗುವವರಿಗೆ ಹಾಗಲ್ಲ. ಒಂದು ಕಡೆಗೆ ನಲವತ್ತು ನಿಮಿಷ ಹೆಚ್ಚಾದರೆ ದಿನಕ್ಕೆ ಎಂಬತ್ತು ನಿಮಿಷ, ತಿಂಗಳ 25 ದಿನಕ್ಕೆ 33 ಗಂಟೆ. ಅಷ್ಟು ಓದಿನ ಹೊತ್ತನ್ನು ಬಸ್ಸಿನಲ್ಲಿ ಕಳೆದರೆ 3,000 ಉಳಿಸಿಯೂ ಲಾಭವಿಲ್ಲ.

ಮನೆ ಹುಡುಕುವ ಮೊದಲು ಹಾಸ್ಟೆಲಿಗೆ ಇನ್ನೊಮ್ಮೆ ಪ್ರಯತ್ನಿಸುವುದು ಒಳ್ಳೆಯದು. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲುಗಳಿವೆ. ಅಲ್ಲಿ ಸೀಟು ಸಿಗದ ಹಿಂದುಳಿದ ವರ್ಗಗಳ ಅರ್ಹ ವಿದ್ಯಾರ್ಥಿಗಳ ಊಟ ವಸತಿಗೆ ವಿದ್ಯಾಸಿರಿ ಯೋಜನೆಯ ನೆರವು ಉಂಟು.

ಮಾತಲ್ಲ, ಕಾಗದ

ಕರಾರುಪತ್ರಗಳು ಹನ್ನೊಂದು ತಿಂಗಳಿಗೆ ಇರುವುದಕ್ಕೆ ಕಾರಣವಿದೆ. ಒಂದು ವರ್ಷ ಮೀರಿದ ಗೇಣಿಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಕರಾರಿನಲ್ಲಿ ಅಡ್ವಾನ್ಸ್ ಮೊತ್ತ, ಅದನ್ನು ಹಿಂದಿರುಗಿಸುವ ಗಡುವು, ಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳುತ್ತಾರೆ, ವರ್ಷಕ್ಕೆ ಎಷ್ಟು ಏರಿಸುತ್ತಾರೆ, ನೀರಿನ ಹಣ ಯಾರದು ಎಂಬುದೆಲ್ಲ ಬರೆದಿರಬೇಕು. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಟ್ಟರೆ ಗುರುತು ಉಳಿಯುತ್ತದೆ. ಮನೆ ತೋರಿಸಿದವರೇ ಮಾಲೀಕರೇ ಎಂದು ತಿಳಿಯಲು ಕಂದಾಯದ ರಸೀದಿ ನೋಡಬೇಕು.

‘ಬಾಡಿಗೆಯೇ ಬೇಡ, ಭೋಗ್ಯಕ್ಕೆ ಹಾಕಿಕೊಳ್ಳಿ’ ಎಂಬ ಮಾತಿಗೆ ಹೆಚ್ಚು ಎಚ್ಚರ ಬೇಕು. ಲಕ್ಷಗಟ್ಟಲೆ ಹಣ ಕೊಟ್ಟು, ಬಿಡುವಾಗ ಅಷ್ಟೂ ವಾಪಸು ಪಡೆಯುವ ವ್ಯವಸ್ಥೆ ಇದು. ಆ ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದು ಮಾಲೀಕರು ಕಟ್ಟದಿದ್ದರೆ, ಹಣ ಕೊಟ್ಟವರ ಪಾಡು ಬೀದಿಪಾಲು. ಋಣಭಾರ ಪತ್ರ ನೋಡದೆ, ನೋಂದಣಿ ಮಾಡಿಸದೆ ಭೋಗ್ಯಕ್ಕೆ ಕೈಹಾಕಬಾರದು.

ಮೆಟ್ರೋ ಬಂದ ಮೇಲೆ

ಬಡಾವಣೆಗಳ ಹಣೆಬರಹ ಬದಲಾಗುತ್ತಲೇ ಇರುತ್ತದೆ. ಮಾಗಡಿ ರಸ್ತೆಯ ಪೇಟೆ ತುದಿಯಲ್ಲಿ ಬಿನ್ನಿ ಮಿಲ್ ಇತ್ತು. 1884ರಲ್ಲಿ ಆರಂಭವಾದ ಆ ಬಟ್ಟೆ ಗಿರಣಿಯ ಸುತ್ತ ಕಾರ್ಮಿಕರ ಕೇರಿಗಳು ಬೆಳೆದಿದ್ದವು. ಇಂದು ಗಿರಣಿಯಿಲ್ಲ, ಆ ಜಾಗದಲ್ಲಿ ಎತ್ತರದ ಅಪಾರ್ಟ್‌ಮೆಂಟುಗಳಿವೆ. ಇಳಿದ ಜಾಗ ಮತ್ತೆ ಏರುತ್ತದೆ. ಏರಿದಾಗ ಹಳೆ ಬಾಡಿಗೆದಾರ ಅಲ್ಲಿ ಉಳಿಯುವುದು ಕಷ್ಟ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೆಟ್ರೋ ಮೂರನೇ ಹಂತದಲ್ಲಿ ಹೊಸಹಳ್ಳಿಯಿಂದ ಕಡಬಗೆರೆಯವರೆಗೆ ಮಾಗಡಿ ರಸ್ತೆಯ ಮೇಲೆ 12.5 ಕಿಲೋಮೀಟರ್ ಮಾರ್ಗವಿದೆ. ಸುಂಕದಕಟ್ಟೆಯಲ್ಲೂ ನಿಲ್ದಾಣ ಬರಬೇಕು. ‘ಮೆಟ್ರೋ ಬರುತ್ತೆ’ ಎಂದು ಇವತ್ತೇ ಹೆಚ್ಚು ಬಾಡಿಗೆ ಕೇಳಿದರೆ ಒಂದು ಪ್ರಶ್ನೆ ಸಾಕು: ಮಗು ಓದು ಮುಗಿಸುವುದರೊಳಗೆ ಬರುತ್ತದೆಯೇ? ಮಂಜೂರಾದಾಗ ಹೇಳಿದ ಗಡುವು 2029. ಅಲ್ಲಿಯವರೆಗೆ ಪಾಲಿಗೆ ಬರುವುದು ಕಾಮಗಾರಿಯ ಧೂಳು ಮತ್ತು ಸುತ್ತುದಾರಿ. ಮನೆ ಕೊಳ್ಳುವವರು ಮುಂದಿನ ಇಪ್ಪತ್ತು ವರ್ಷ ನೋಡುತ್ತಾರೆ. ವಿದ್ಯಾರ್ಥಿಯ ಮನೆಯವರು ಮುಂದಿನ ಮೂರು ವರ್ಷ ನೋಡಿದರೆ ಸಾಕು.

ಅಂದು ಸಂಜೆ

ಕುಣಿಗಲ್ ಸೀಮೆಯ ಆ ಅಪ್ಪ ಮಧ್ಯಾಹ್ನವೇ ಅಡ್ವಾನ್ಸ್ ಕೊಟ್ಟುಬಿಡುವವರಿದ್ದರು. ತಡೆದವಳು ಮಗಳು. ‘ಅಪ್ಪ, ಅಣ್ಣಂಗೆ ರಾತ್ರಿ ಪಾಳಿ ಇದ್ದಾಗ ನಾನೊಬ್ಬಳೇ ಇರ್ಬೇಕಲ್ವಾ? ಕತ್ತಲಾದ ಮೇಲೆ ಒಂದ್ಸಲ ನಡ್ಕೊಂಡು ಬರೋಣ.’ ಇಬ್ಬರೂ ಎಂಟು ಗಂಟೆಗೆ ಮತ್ತೆ ಹೋದರು. ಮುಖ್ಯರಸ್ತೆ ಗಿಜಿಗುಟ್ಟುತ್ತಿತ್ತು, ಬೇಕರಿ ಮುಂದೆ ಜನವಿದ್ದರು. ಆದರೆ ಮನೆಯ ಕಡೆ ತಿರುಗಿದ ಮೇಲೆ, ಬಾಗಿಲು ಹಾಕಿದ ವರ್ಕ್‌ಷಾಪುಗಳ ಸಾಲಿನಲ್ಲಿ ದೀಪವೇ ಇರಲಿಲ್ಲ. ಬೇಕರಿಯವರನ್ನು ಕೇಳಿದರೆ ‘ಯುಗಾದಿಯಿಂದ ಹಂಗೇ ಇದೆ’ ಎಂದರು.

ಆ ಮನೆ ಬೇಡವಾಯಿತು. ಏರಿಯಾ ಬೇಡವಾಗಲಿಲ್ಲ. ಬೇಕರಿಯವರೇ ಹೇಳಿದ ಇನ್ನೊಂದು ಮನೆ, ನಿಲ್ದಾಣಕ್ಕೆ ಎರಡು ರಸ್ತೆ ಹತ್ತಿರ, ಕೆಳಗಡೆ ಮಾಲೀಕರ ಸಂಸಾರ. ಬಾಡಿಗೆ 700 ರೂಪಾಯಿ ಹೆಚ್ಚು. ಅಪ್ಪ ನೀರಿನ ಬಿಲ್ ಕೇಳಿದರು. ಮಾಲೀಕರ ಹೆಂಡತಿ ಒಳಗಿಂದ ತಂದು ತೋರಿಸಿದರು. ರಾತ್ರಿ ಭಾಮೈದನಿಗೆ ಫೋನು ಹೋಯಿತು. ‘ಒಂದ್ಸಲ ಸಂಜೆ ಹೊತ್ತು ಬಂದು ನೋಡು. ಆಮೇಲೆ ಹೇಳು.’