ರಕ್ತಶೋಧನೆಯನ್ನವಲಂಬಿಸಿದ ಮೂತ್ರಪಿಂಡರೋಗಿಗಳ ವಿಷಾದ

ಚರಕಸಂಹಿತೆಯ ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ, ಆಯಾ ವರ್ಗಗಳಲ್ಲಿ ಅಗ್ರಗಣ್ಯವಾದುವನ್ನು ಎಣಿಸುವ ಪ್ರಕರಣವೊಂದುಂಟು. ರೋಗವನ್ನು ವೃದ್ಧಿಗೊಳಿಸುವವುಗಳಲ್ಲಿ ವಿಷಾದವೇ ಮೊದಲನೆಯದೆಂದು ಅಲ್ಲಿ ನಿರ್ಣಯಿಸಿದೆ. ಈ ನಿರ್ಣಯಕ್ಕೆ ಇಂದು ನಿದರ್ಶನವನ್ನರಸುವವರು ಡಯಾಲಿಸಿಸ್ ಎಂಬ ರಕ್ತಶೋಧನಚಿಕಿತ್ಸೆಯಲ್ಲಿರುವವರನ್ನು ನೋಡಿದರೆ ಸಾಕು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಜನಜೀವನವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗಿದೆ.

ಮೂತ್ರಪಿಂಡಗಳು ಕೆಟ್ಟು ನಿಂತಾಗ ರಕ್ತದಲ್ಲಿ ಸೇರುವ ಕಲ್ಮಷವನ್ನೂ ಅಧಿಕಜಲವನ್ನೂ ಯಂತ್ರದಿಂದ ತೆಗೆಯುವುದೇ ಈ ಚಿಕಿತ್ಸೆ. ಹಾಲೆಂಡಿನ ವೈದ್ಯ ವಿಲ್ಲೆಂ ಕೋಲ್ಫ್ 1943ರಲ್ಲಿ ಇದರ ಮೊದಲ ಯಂತ್ರವನ್ನು ಮನುಷ್ಯರ ಮೇಲೆ ಪ್ರಯೋಗಿಸಿದನು. ಇಂದು ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆಗಳ ಕಾಲ ರೋಗಿಯು ಯಂತ್ರದ ಬಳಿ ಮಲಗಬೇಕು. ಮೂತ್ರಪಿಂಡದ ಕಸಿಯಾಗದಿದ್ದರೆ ಇದು ಜೀವಾವಧಿಯ ವ್ರತ.

ಒಂದು ಸರದಿಯಲ್ಲಿ ಸುಮಾರು 120 ಲೀಟರು ದ್ರಾವಣವು ಆತನ ರಕ್ತದ ಪಕ್ಕದಲ್ಲಿ, ತೆಳುಪೊರೆಯ ಆಚೆ ಹರಿದುಹೋಗುತ್ತದೆ. ಆದರೆ ಅವನು ದಿನಕ್ಕೆ ಕುಡಿಯಬಹುದಾದುದು ಹೆಚ್ಚೆಂದರೆ ಒಂದು ಲೀಟರಿನಷ್ಟು. ಕಾವೇರಿಯ ದಡದಲ್ಲಿ ಹುಟ್ಟಿ, ನಾಲೆಯ ನೀರಿನಲ್ಲಿ ಕಬ್ಬು ಬೆಳೆದವನು ಗುಟುಕನ್ನು ಅಳೆದು ಕುಡಿಯಬೇಕು. ಪೊಟ್ಯಾಸಿಯಂ ಹೆಚ್ಚೀತೆಂಬ ಭಯದಿಂದ ತನ್ನ ತೋಟದ ಎಳನೀರೂ ಬಾಳೆಯ ಹಣ್ಣೂ ಅವನಿಗೆ ನಿಷಿದ್ಧ. ಕೂಲಿ ತಪ್ಪುತ್ತದೆ, ಜೊತೆಗೆ ಬರುವವರ ದಿನವೂ ಹೋಗುತ್ತದೆ. ತಾನು ಮನೆಗೆ ಭಾರವೆಂಬ ಭಾವನೆ ಬೇರೂರುವುದು ಹೀಗೆ.

ಈ ವಿಷಾದವನ್ನು ಗುರುತಿಸುವುದು ಕಷ್ಟ. ಆಯಾಸ, ಅರುಚಿ, ನಿದ್ರಾನಾಶ ಇವು ಮೂತ್ರಪಿಂಡರೋಗಕ್ಕೂ ವಿಷಾದಕ್ಕೂ ಸಮಾನಲಕ್ಷಣಗಳು; ಆದಕಾರಣ ಎಲ್ಲವನ್ನೂ ದೇಹದ ಲೆಕ್ಕಕ್ಕೆ ಬರೆದುಬಿಡುತ್ತಾರೆ. ರೋಗಿಯೂ ‘ಬೇಜಾರು’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ. ಅನೇಕ ದೇಶಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಮರ್ಶೆಯೊಂದರಂತೆ, ಡಯಾಲಿಸಿಸ್ ರೋಗಿಗಳನ್ನು ಪ್ರಶ್ನಾವಳಿಯಿಂದ ಪರೀಕ್ಷಿಸಿದಾಗ ನೂರಕ್ಕೆ ಸುಮಾರು 39 ಮಂದಿಯಲ್ಲಿಯೂ, ಸಂದರ್ಶನದಿಂದ ನಿಷ್ಕರ್ಷಿಸಿದಾಗ ಸುಮಾರು 23 ಮಂದಿಯಲ್ಲಿಯೂ ವಿಷಾದವು ಕಂಡುಬಂದಿದೆ. ಎರಡನೆಯ ಲೆಕ್ಕವನ್ನೇ ಹಿಡಿದರೂ ಐವರಲ್ಲಿ ಒಬ್ಬನಿಗಿಂತ ಹೆಚ್ಚಾಯಿತು.

ಇದನ್ನು ಉಪೇಕ್ಷಿಸಿದರೆ ಒದಗುವ ಹಾನಿ ಮನಸ್ಸಿನಲ್ಲಿಯೇ ನಿಲ್ಲುವುದಿಲ್ಲ. ಆಸೆ ಬಿಟ್ಟವನು ಪಥ್ಯವನ್ನು ಬಿಡುತ್ತಾನೆ, ಸರದಿಯನ್ನು ತಪ್ಪಿಸುತ್ತಾನೆ. ತಪ್ಪಿದ ಸರದಿಯಿಂದ ಶ್ವಾಸಕೋಶದಲ್ಲಿ ನೀರು ತುಂಬಬಹುದು; ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಆಚಾರ್ಯರ ನಿರ್ಣಯವು ಅಕ್ಷರಶಃ ಫಲಿಸುವುದು ಇಲ್ಲಿ.

ಪರಿಹಾರವಿಲ್ಲದಿಲ್ಲ. ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿತ್ತೆ, ಯಾವುದರಲ್ಲಿಯೂ ಆಸಕ್ತಿ ಇಲ್ಲದಾಯಿತೆ ಎಂಬ ಎರಡು ಪ್ರಶ್ನೆಗಳನ್ನು ದಾದಿಯೂ ಕೇಳಬಹುದು. 2019ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಕೆಲವರಿಗೆ ಯಂತ್ರದ ಬಳಿಯೇ ಸಮಾಲೋಚನೆಯನ್ನೂ, ಉಳಿದವರಿಗೆ ಔಷಧವನ್ನೂ ಕೊಟ್ಟರು. 12 ವಾರಗಳಲ್ಲಿ ಎರಡು ವರ್ಗದವರ ವಿಷಾದವೂ ತಗ್ಗಿತು. ನಮ್ಮಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವಂತೆ ಕರ್ನಾಟಕ ಸರ್ಕಾರವು 2014ರಲ್ಲಿ ‘ಮನೋಚೈತನ್ಯ’ ಯೋಜನೆಯನ್ನು ಆರಂಭಿಸಿತು. ಮಂಗಳವಾರವೇ ಸರದಿಯುಳ್ಳ ರೋಗಿಗಳು ಅನೇಕರು. ಅದೇ ಛಾವಣಿಯ ಕೆಳಗೆ ಒಂದು ಕೊಠಡಿಯಿಂದ ಇನ್ನೊಂದು ಕೊಠಡಿಗೆ ವೈದ್ಯರು ನಡೆದುಬಂದರೆ ಅರ್ಧ ಕಾರ್ಯವಾದಂತೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯನ್ನು 14416 ಎಂಬ ಸಂಖ್ಯೆಗೆ ಕರೆಮಾಡಿ ಮನೆಯಿಂದಲೇ ಪಡೆಯಬಹುದು.

ರಕ್ತದ ಕಲ್ಮಷವನ್ನು ಯಂತ್ರವು ಕಳೆಯಬಲ್ಲುದು. ವಿಷಾದವನ್ನು ಕಳೆಯಲು ಮೊದಲು ಅದನ್ನು ಕೇಳಿ ತಿಳಿಯುವವರು ಬೇಕು. ರೋಗಿಯ ತೂಕವನ್ನೂ ರಕ್ತದೊತ್ತಡವನ್ನೂ ಬರೆದುಕೊಳ್ಳುವ ಪುಸ್ತಕದಲ್ಲಿ ಮನಸ್ಸಿಗೂ ಒಂದು ಸಾಲು ದೊರೆಯುವುದು ಯುಕ್ತವೆಂದು ನಮ್ಮ ಅಭಿಪ್ರಾಯ.